ಅಡುಗೆಮನೆ ಪ್ರಶ್ನೋತ್ತರ: 60 ಜನಕ್ಕೆ ಹಂದಿ ರೋಸ್ಟ್, ಹಿಂದಿನ ದಿನವೇ ಬೇಯಿಸಿಡಿ

ಡಿಸೆಂಬರ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಹಂದಿ ಮಾಂಸದ ಬಗ್ಗೆಯೇ ಇರುತ್ತವೆ. ಕೊಡಗಿನಲ್ಲಿ ಸುಗ್ಗಿ ಹಬ್ಬ ಪುತ್ತರಿ ಮುಗಿಯುತ್ತಾ ಇರುತ್ತದೆ, ಮಂಗಳೂರು ಕಡೆ ಕ್ರಿಸ್‌ಮಸ್ ತಯಾರಿ, ಎರಡೂ ಕಡೆ ಮದುವೆ, ನಾಮಕರಣ, ಹುಟ್ಟುಹಬ್ಬ. ಈ ಸಲ ಬಂದ ಪತ್ರಗಳಲ್ಲಿ ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಅದರಲ್ಲಿ ಇರುವುದು ಉಳಿದವರಿಗೂ ಬೇಕಾಗುತ್ತದೆ, ಹಾಗಾಗಿ ದಯವಿಟ್ಟು ಪೂರ್ತಿ ಓದಿ.

ಪ್ರಶ್ನೆ: ಅಕ್ಕ, ಬರುವ ತಿಂಗಳು ನಮ್ಮ ಅಮ್ಮನಿಗೆ 75 ತುಂಬುತ್ತದೆ. ವಿರಾಜಪೇಟೆ ಹತ್ತಿರ ನಮ್ಮ ಮನೆಯಲ್ಲಿ 60 ಜನ ಸೇರುತ್ತೇವೆ. ಅದರಲ್ಲಿ 12 ಮಕ್ಕಳು, 8 ಜನ ಹಂದಿ ತಿನ್ನುವುದಿಲ್ಲ. ಪಂದಿ ಕರಿ ಹೇಗೂ ಎಲ್ಲರ ಮನೆಯಲ್ಲೂ ಆಗುತ್ತದೆ, ಈ ಸಲ ರೋಸ್ಟ್ ಮಾಡಿ ಅಂತ ಅಮ್ಮನೇ ಕೇಳಿದ್ದಾರೆ. ಕಳೆದ ವರ್ಷ 25 ಜನಕ್ಕೆ ಮಾಡಿದ್ದೆ, ಹೊರಗೆ ಕರಕಲು, ಒಳಗೆ ಜಗಿಯಲಾಗದಷ್ಟು ಗಟ್ಟಿ. ಎಷ್ಟು ಕೆಜಿ ತರಬೇಕು, ಯಾವ ಭಾಗ ತರಬೇಕು, ಹೇಗೆ ಮಾಡಬೇಕು? ದೊಡ್ಡ ಓವನ್ ಇಲ್ಲ. ಗ್ಯಾಸ್ ಇದೆ, ಹಿತ್ತಲಲ್ಲಿ ಸೌದೆ ಒಲೆ ಇದೆ.

ಉತ್ತರ: ಮೊದಲು ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. 75ನೇ ವರ್ಷದಲ್ಲಿ ರೋಸ್ಟ್ ಬೇಕು ಅಂತ ಬಾಯಿಬಿಟ್ಟು ಕೇಳಿದ್ದಾರಲ್ಲ, ಅದೇ ಖುಷಿ.

ಲೆಕ್ಕದಿಂದ ಶುರು ಮಾಡೋಣ. ತಿನ್ನದ 8 ಜನರನ್ನು ಬಿಟ್ಟರೆ 40 ದೊಡ್ಡವರು, 12 ಮಕ್ಕಳು. ಬೇರೆ ಪದಾರ್ಥಗಳೂ ಇರುವ ಊಟದಲ್ಲಿ ದೊಡ್ಡವರಿಗೆ ತಲೆಗೆ 250 ಗ್ರಾಂ ಹಸಿ ಮಾಂಸ, ಮಕ್ಕಳಿಗೆ ಅದರ ಅರ್ಧ. ಒಟ್ಟು ಹನ್ನೊಂದೂವರೆ ಕೆಜಿ ಬರುತ್ತದೆ, 12 ತನ್ನಿ. 250 ಗ್ರಾಂ ಜಾಸ್ತಿ ಆಯ್ತಲ್ಲ ಅನ್ನಿಸಬಹುದು. ಆದರೆ ಬೆಂದ ಮೇಲೆ ನೀರು, ಕೊಬ್ಬು ಇಳಿದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಹೋಗುತ್ತದೆ. ತಟ್ಟೆಗೆ ಬರುವುದು 160-170 ಗ್ರಾಂ ಅಷ್ಟೇ.

ಈಗ ಯಾವ ಭಾಗ ಅನ್ನುವುದು. ಕಳೆದ ವರ್ಷ ನೀವು ಹಿಂಗಾಲ ತೊಡೆ ತಂದಿದ್ದಿರಿ ಅಂತ ನನ್ನ ಊಹೆ. ನೋಡುವುದಕ್ಕೆ ಚೆಂದ, ಕೊಬ್ಬು ಕಡಿಮೆ, ಅದಕ್ಕೇ ಎಲ್ಲರೂ ಅದನ್ನೇ ಆರಿಸುತ್ತಾರೆ. ಆದರೆ ಅಷ್ಟು ಜನಕ್ಕೆ ಮಾಡುವಾಗ ಒಲೆ ಮೇಲೆ ಹತ್ತು ನಿಮಿಷ ಹೆಚ್ಚಾದರೂ ಅದು ಒಣಗಿಬಿಡುತ್ತದೆ. ನೀವು ಮುಂಗಾಲಿನ ಮೇಲ್ಭಾಗ, ಅಂದರೆ ಭುಜದ ಮಾಂಸ 8 ಕೆಜಿ, ಹೊಟ್ಟೆ ಭಾಗ 4 ಕೆಜಿ ತನ್ನಿ. ಚರ್ಮ ತೆಗೆಸಬೇಡಿ, ಕೊಬ್ಬನ್ನೂ ತೆಗೆಸಬೇಡಿ. ಒಂದು, ಒಂದೂವರೆ ಕೆಜಿಯ ದೊಡ್ಡ ತುಂಡುಗಳಾಗಿಯೇ ಕೊಡಿ ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅಭ್ಯಾಸಬಲದಲ್ಲಿ ಕರಿಗೆ ಹಾಕುವ ಹಾಗೆ ಕೊಚ್ಚಿ ಕೊಟ್ಟುಬಿಡುತ್ತಾರೆ. ಮನೆಗೆ ತಂದ ಮೇಲೆ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿ, ಕೂದಲಿನ ಮೊಳೆ ಉಳಿದಿದ್ದರೆ ಒಲೆಯ ಉರಿಯಲ್ಲಿ ಸುಟ್ಟು, ಚಾಕುವಿನಿಂದ ಕೆರೆದು ತೊಳೆಯಿರಿ.

ಗಟ್ಟಿಯಾಗಿದ್ದು ಯಾಕೆ? ಉರಿ ಜಾಸ್ತಿ, ಹೊತ್ತು ಕಡಿಮೆ. ಭುಜದ ಮಾಂಸದ ತುಂಬಾ ಬಿಳಿ ನಾರು ಇರುತ್ತದೆ. ಅದು ನಿಧಾನ ಶಾಖದಲ್ಲಿ, ಗಂಟೆಗಟ್ಟಲೆ ಕೂತರೆ ಮಾತ್ರ ಕರಗಿ ಅಂಟಂಟು ರಸ ಆಗುತ್ತದೆ. ಮಾಂಸದ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತಿನ್ನುವುದಕ್ಕೇನೋ ಸುರಕ್ಷಿತ, ಆದರೆ ಜಗಿಯುವುದು ಕಷ್ಟ. ಅದೇ ತುಂಡು 90 ದಾಟಿದ ಮೇಲೆ ಚಮಚದಲ್ಲಿ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಆ ನಡುವಿನ ಹೊತ್ತು ಬಹಳ ದೀರ್ಘ, ಅಲ್ಲೇ ನಾವೆಲ್ಲ ತಾಳ್ಮೆ ಕಳೆದುಕೊಂಡು ಉರಿ ಏರಿಸುವುದು. ಪಾರ್ಟಿ ದಿನ ಬೆಳಿಗ್ಗೆ ಒಲೆ ಹಚ್ಚಿದರೆ ತಾಳ್ಮೆ ಎಲ್ಲಿಂದ ಬರಬೇಕು ಹೇಳಿ? ನೆಂಟರು ಬಂದಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ, ಯಾರೋ ಕಾಫಿ ಕೇಳುತ್ತಾರೆ.

ಅದಕ್ಕೇ ನಾನು ಹೇಳುವುದು ಒಂದೇ, ಬೇಯಿಸುವುದೆಲ್ಲ ಹಿಂದಿನ ದಿನ. ಪಾರ್ಟಿ ದಿನ ಬರೀ ಹುರಿಯುವುದು. ಬೆಂದ ಹಂದಿ ಮಾಂಸ ಫ್ರಿಜ್‌ನಲ್ಲಿ ಒಂದು ರಾತ್ರಿ ಕೂತರೆ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಹಾಗಾದರೆ ನಿಮ್ಮ ಪಾರ್ಟಿ ಭಾನುವಾರ ಅಂತ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಮಾಂಸಕ್ಕೆ ಉಪ್ಪು ಹಚ್ಚಿ. ಕೆಜಿಗೆ ಮಟ್ಟಸವಾಗಿ ಎರಡು ಟೀ ಚಮಚ, 12 ಕೆಜಿಗೆ ತೂಕದಲ್ಲಿ ಸುಮಾರು 150 ಗ್ರಾಂ. ದಯವಿಟ್ಟು ತೂಗಿಯೇ ಹಾಕಿ, ಇಷ್ಟು ದೊಡ್ಡ ಅಳತೆಯಲ್ಲಿ ಕೈಲೆಕ್ಕ ತಪ್ಪುತ್ತದೆ. ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಮತ್ತೆ ಕರಿಮೆಣಸು. ಕರಿಮೆಣಸು ಧಾರಾಳವಾಗಿ ಹಾಕಿ, ನಿಮ್ಮ ತೋಟದ ಮರಗಳಿಗೇ ಬಳ್ಳಿ ಹಬ್ಬಿರುತ್ತದಲ್ಲ, ಜಿಪುಣತನ ಬೇಡ. ಕೆಜಿಗೆ ಎರಡು ಟೀ ಚಮಚ ತರಿತರಿ ಪುಡಿ ಸರಿಯಾಗುತ್ತದೆ. ಎಲ್ಲವನ್ನೂ ಉಜ್ಜಿ, ಒಂದೊಂದು ತುಂಡನ್ನೂ ಬಿಳಿ ಹತ್ತಿ ದಾರದಲ್ಲಿ ಬಿಗಿಯಾಗಿ ಕಟ್ಟಿ, ಫ್ರಿಜ್‌ನಲ್ಲಿ ಇಡಿ. ಕಟ್ಟದೆ ಬೇಯಿಸಿದರೆ ಭುಜದ ಮಾಂಸ ಬಿಚ್ಚಿಕೊಂಡು ಚೂರಾಗುತ್ತದೆ, ಆಮೇಲೆ ಹೋಳು ಮಾಡಲು ಬರುವುದಿಲ್ಲ.

ಶನಿವಾರ ಬೆಳಿಗ್ಗೆ, ತಿಂಡಿ ಆದ ಕೂಡಲೇ ಶುರು ಮಾಡಿ. ಆರಾರು ಕೆಜಿ ಹಿಡಿಯುವ, ದಪ್ಪ ತಳದ ಎರಡು ಪಾತ್ರೆ ಬೇಕು. ತುಂಡುಗಳ ಕೊಬ್ಬಿನ ಕಡೆ ಕೆಳಗೆ ಮಾಡಿ ಸಣ್ಣ ಉರಿಯಲ್ಲಿ ಇಡಿ. ಎಣ್ಣೆ ಹಾಕಬೇಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದರದ್ದೇ ಕೊಬ್ಬು ಇಳಿಯುತ್ತದೆ, ಅದರಲ್ಲೇ ಎಲ್ಲ ಕಡೆ ತಿರುಗಿಸಿ ಕೆಂಪಾಗಿಸಿ. ಆಮೇಲೆ ದಪ್ಪಗೆ ಹೆಚ್ಚಿದ ಈರುಳ್ಳಿ, ಕರಿಬೇವು, ಎರಡು ಬೆರಳು ಎತ್ತರಕ್ಕೆ ಬಿಸಿನೀರು. ಮಾಂಸ ಮುಳುಗಬಾರದು, ಮುಳುಗಿದರೆ ಅದು ಸಾರು. ಬಿಗಿ ಮುಚ್ಚಳ ಹಾಕಿ ಎರಡೂವರೆ ಗಂಟೆ, ಅರ್ಧ ಗಂಟೆಗೊಮ್ಮೆ ತಿರುಗಿಸುತ್ತಾ ಇರಿ, ನೀರು ಬತ್ತಿದರೆ ಒಂದು ಸೌಟು ಬಿಸಿನೀರು. ಹಿತ್ತಲ ಒಲೆಯಲ್ಲಾದರೆ ಇನ್ನೂ ಚೆನ್ನ, ಕುದಿ ಬಂದ ಮೇಲೆ ಸೌದೆ ಹೊರಗೆಳೆದು ಬರೀ ಕೆಂಡದ ಮೇಲೆ ಬಿಡಿ, ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿ. ನಮ್ಮ ದೊಡ್ಡಮ್ಮ ಮಾಡುತ್ತಿದ್ದದ್ದು ಹಾಗೆಯೇ. ಮುಚ್ಚಳದ ಮೇಲಿನ ಕೆಂಡವೇ ಅವರ ಓವನ್. ಚಮಚದ ಹಿಡಿ ಮಾಂಸದೊಳಗೆ ಸಲೀಸಾಗಿ ಇಳಿದರೆ ಆಯಿತು ಅಂತ ಲೆಕ್ಕ. ಇಳಿಯದಿದ್ದರೆ ಇನ್ನರ್ಧ ಗಂಟೆ, ಗಡಿಯಾರ ನೋಡಿ ಇಳಿಸಬೇಡಿ.

ಮುಂದಿನದು ಎಲ್ಲಕ್ಕಿಂತ ಮುಖ್ಯ. ಬೆಂದ ಮಾಂಸವನ್ನು ಪಾತ್ರೆಯಲ್ಲೇ ರಾತ್ರಿಯಿಡೀ ಬಿಡಬೇಡಿ. ನಾನು ಮೊದಲ ಸಲ ದೊಡ್ಡ ಊಟಕ್ಕೆ ಮಾಡಿದಾಗ, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿದು, ಸುಸ್ತಾಗಿ, ಮುಚ್ಚಳ ಹಾಕಿ ಆರಿದ ಒಲೆ ಮೇಲೆಯೇ ಬಿಟ್ಟು ಮಲಗಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹುಳಿ ವಾಸನೆ. 9 ಕೆಜಿ ಮಾಂಸ ಗುಂಡಿ ತೋಡಿ ಹೂತೆವು. ದುಡ್ಡಿಗಿಂತ ಜಾಸ್ತಿ, ಒಂದು ಜೀವವನ್ನು ಸುಮ್ನೆ ಹಾಳು ಮಾಡಿದೆನಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಶಾಖದಲ್ಲಿ ರೋಗಾಣುಗಳು ಚೆನ್ನಾಗಿ ಬೆಳೆಯುತ್ತವೆ. ಆದ್ದರಿಂದ ತುಂಡುಗಳನ್ನು ಹೊರತೆಗೆದು ಅಗಲ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಇಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. 12 ಕೆಜಿ ಒಂದು ಫ್ರಿಜ್‌ನಲ್ಲಿ ಹಿಡಿಯುವುದಿಲ್ಲ, ಪಕ್ಕದ ಮನೆಯವರನ್ನು ಮೊದಲೇ ಕೇಳಿಡಿ. ಶನಿವಾರ ಬೆಳಿಗ್ಗೆಯೇ ಬೇಯಿಸಿ ಅಂದದ್ದು ಇದಕ್ಕೇ, ಮಧ್ಯಾಹ್ನ ಇದೆಲ್ಲ ಮಾಡುವ ತ್ರಾಣ ಇರುತ್ತದೆ. ಪಾತ್ರೆಯಲ್ಲಿ ಉಳಿದ ರಸವನ್ನು ಸೋಸಿ ಸ್ಟೀಲ್ ಡಬ್ಬಿಯಲ್ಲಿ ಬೇರೆ ಇಡಿ. ಮರುದಿನಕ್ಕೆ ಮೇಲೆ ಬಿಳಿ ಕೊಬ್ಬು, ಕೆಳಗೆ ಕಂದು ಜೆಲ್ಲಿ ಆಗಿರುತ್ತದೆ. ಎರಡೂ ಬಂಗಾರ, ಒಂದು ಹನಿಯೂ ಚೆಲ್ಲಬೇಡಿ.

ಭಾನುವಾರ ಊಟಕ್ಕೆ ಒಂದೂವರೆ ಗಂಟೆ ಮುಂಚೆ ದಾರ ಬಿಚ್ಚಿ, ತಣ್ಣಗಿರುವಾಗಲೇ ಅರ್ಧ ಬೆರಳು ದಪ್ಪದ ಹೋಳು ಮಾಡಿ. ಬಿಸಿ ಮಾಂಸ ಪುಡಿಯಾಗುತ್ತದೆ, ತಣ್ಣಗಿನದು ಬೆಣ್ಣೆ ಹಾಗೆ ಕತ್ತರಿಸಬಹುದು. ದೊಡ್ಡ ಕಬ್ಬಿಣದ ಕಾವಲಿ ಅಥವಾ ಬಾಣಲೆ ಎರಡು ಹಚ್ಚಿ, ಆ ಬಿಳಿ ಕೊಬ್ಬು ಹಾಕಿ, ಹೋಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಎರಡೂ ಕಡೆ ಗರಿಗರಿ ಆಗುವ ತನಕ ಹುರಿಯಿರಿ. ಒಟ್ಟಿಗೆ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ ಅಷ್ಟೇ, ಗರಿ ಬರುವುದಿಲ್ಲ. ಹುರಿದದ್ದನ್ನು ಅಗಲ ಸ್ಟೀಲ್ ಪಾತ್ರೆಗೆ ಹಾಕುತ್ತಾ ಹೋಗಿ. ಕಂದು ಜೆಲ್ಲಿಯನ್ನು ಬೇರೆ ಬಿಸಿ ಮಾಡಿ ಚೆನ್ನಾಗಿ ಕುದಿಸಿ, ಅದಕ್ಕೆ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹಣ್ಣಿನ ಹುಳಿ ಸೇರಿಸಿ. ಕೆಜಿಗೆ ಒಂದು ಟೀ ಚಮಚದಿಂದ ಶುರು ಮಾಡಿ, ರುಚಿ ನೋಡಿ ಏರಿಸಿ, ಗಟ್ಟಿ ಕಾಚಂಪುಳಿ ಬಹಳ ತೀಕ್ಷ್ಣವಾದ ಹುಳಿ. ಬಡಿಸುವ ಹೊತ್ತಿಗೆ ಆ ರಸವನ್ನು ಮೇಲೆ ಹೊಯ್ದು, ಹುರಿದ ಈರುಳ್ಳಿ, ಕರಿಬೇವು ಹಾಕಿ. ಕಾಚಂಪುಳಿ ಮುಟ್ಟಿದ ಯಾವುದನ್ನೂ ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ. ಅಷ್ಟು ಹುಳಿಗೆ ಲೋಹದ ರುಚಿ ಇಳಿಯುತ್ತದೆ.

ಜೊತೆಗೆ ಕಡಂಬುಟ್ಟು ಇರಲಿ. ರೋಸ್ಟ್ ಅಂದ ಮಾತ್ರಕ್ಕೆ ಬ್ರೆಡ್ ತರಬೇಕಾಗಿಲ್ಲ, ಆ ರಸವನ್ನು ಹೀರುವುದಕ್ಕೆ ಅಕ್ಕಿತರಿಯ ಉಂಡೆಗಿಂತ ಒಳ್ಳೆಯದು ಬೇರೆ ಇಲ್ಲ.

ಪ್ರಶ್ನೆ: ನಾವು ಮಂಗಳೂರಿನವರು, ಈಗ ಮುಂಬೈಯಲ್ಲಿದ್ದೇವೆ. ಮಗಳ ಮದುವೆಯ ರೋಸ್‌ಗೆ ಹಂದಿ ಮಾಡಬೇಕು. ನನ್ನ ಗಂಡನ ಕಡೆಯವರೊಬ್ಬರು ಕೊಡಗಿನಿಂದ ಕಾಚಂಪುಳಿ ತಂದು ಕೊಟ್ಟಿದ್ದಾರೆ. ವಿನೆಗರ್ ಬದಲು ಅದನ್ನೇ ಹಾಕಬಹುದಾ? ಬಾಟಲಿ ನೋಡಿದರೆ ತೆಳ್ಳಗಿದೆ, ಅಸಲಿಯೇ ಅಂತಲೂ ಅನುಮಾನ.

ಉತ್ತರ: ಹಾಕಬಹುದು, ಆದರೆ ರೋಸ್‌ಗೆ ಬೇಡ ಅನ್ನುತ್ತೇನೆ. ಮದುವೆ ಹಿಂದಿನ ಸಂಜೆ ಮಗಳಿಗೆ ತೆಂಗಿನಹಾಲು ಹಚ್ಚಿ, ಆಮೇಲೆ ಎಲ್ಲರೂ ಕೂತು ಉಣ್ಣುವ ಊಟ ಅದು. ಆವತ್ತು ಬಂದವರೆಲ್ಲ ಬಾಯಲ್ಲಿ ಹುಡುಕುವುದು ಬಫಾತ್ ಪುಡಿ, ವಿನೆಗರ್ ಸೇರಿದ ನಿಮ್ಮ ಕಡೆಯ ಹಂದಿ ಪದಾರ್ಥ ದುಕ್ರಾ ಮಾಸ್‌ನ ರುಚಿಯನ್ನೇ. ಬಫಾತ್ ಪುಡಿಯಲ್ಲಿ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಶಿನ ಇರುತ್ತದೆ, ಬಣ್ಣ ಕೆಂಪು, ಹುಳಿ ಹಗುರ. ಕೊಡಗಿನ ಮಸಾಲೆಯನ್ನು ಕಪ್ಪಾಗುವವರೆಗೆ ಹುರಿಯುತ್ತಾರೆ, ಹುಳಿಯೂ ಕಪ್ಪು, ಅದರ ದಾರಿಯೇ ಬೇರೆ. ಎರಡನ್ನೂ ಬೆರೆಸಿದರೆ ಎರಡರ ಗುಣವೂ ಹೋಗುತ್ತದೆ. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಸಾನ್ನ ಜೊತೆಗೆ ನಿಮ್ಮದೇ ದುಕ್ರಾ ಮಾಸ್ ಇರಲಿ. ಅದನ್ನೂ ಹಿಂದಿನ ದಿನವೇ ಮಾಡಿ, ಮೇಲೆ ಹೇಳಿದ ಹಾಗೆ ಬೇಗ ಆರಿಸಿ ಫ್ರಿಜ್‌ನಲ್ಲಿಡಿ.

ಅಸಲಿಯ ವಿಷಯ. ಕಾಚಂಪುಳಿ ಮಾಡುವುದು ಉಪ್ಪಾಗೆ ಜಾತಿಯ ಹಣ್ಣಿನಿಂದ. ಮಾಗಿದ ಹಣ್ಣುಗಳನ್ನು ರಾಶಿ ಹಾಕಿ ಬಿಟ್ಟರೆ ತಾನಾಗಿ ರಸ ತೊಟ್ಟಿಕ್ಕುತ್ತದೆ, ಅದನ್ನು ಸಂಗ್ರಹಿಸಿ ಗಂಟೆಗಟ್ಟಲೆ ಕುದಿಸಿ ಇಳಿಸುತ್ತಾರೆ. ಒಳ್ಳೆಯದು ಹೆಚ್ಚುಕಡಿಮೆ ಕಪ್ಪಗೆ, ಚಮಚಕ್ಕೆ ಅಂಟುವಷ್ಟು ಮಂದವಾಗಿ ಇರುತ್ತದೆ, ಮೂಸಿದರೆ ಹಣ್ಣಿನ ವಾಸನೆ ಬರುತ್ತದೆ. ನೀರಿನ ಹಾಗೆ ಇದ್ದು, ಬರೀ ವಿನೆಗರ್ ಘಾಟು ಬಂದರೆ ಅದರಲ್ಲಿ ಬೇರೇನೋ ಸೇರಿದೆ. ತೆಳ್ಳಗಿದ್ದರೂ ವಾಸನೆ ಚೆನ್ನಾಗಿದ್ದರೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಇನ್ನಷ್ಟು ಕುದಿಸಿ ಇಡಿ. ಸಿಗದೇ ಇರುವವರಿಗೆ ಒಂದು ಮಾತು. ಕೇರಳದವರ ಅಂಗಡಿಯಲ್ಲಿ ಸಿಗುವ ಕೊಡಂಪುಳಿ ಇದೇ ಹಣ್ಣಿನ ಸಿಪ್ಪೆ, ಹೊಗೆ ಹಾಕಿ ಒಣಗಿಸಿದ್ದು. ಬಿಸಿನೀರಲ್ಲಿ ನೆನೆಸಿ, ಕುದಿಸಿ, ಸೋಸಿ ಬಳಸಬಹುದು. ಅದೇ ರುಚಿ ಅಲ್ಲ, ಆದರೆ ನಿಂಬೆಹುಳಿಗಿಂತ ಎಷ್ಟೋ ಹತ್ತಿರ. ಉಪ್ಪಾಗೆಯ ಬೀಜದಿಂದ ಉತ್ತರ ಕನ್ನಡದ ಕಡೆ ತುಪ್ಪ ತೆಗೆಯುತ್ತಾರೆ. ಒಂದೇ ಮರ, ಒಂದೊಂದು ಕಡೆ ಒಂದೊಂದು ಉಪಯೋಗ.

ಪ್ರಶ್ನೆ: ಮೆಲ್ಬರ್ನ್‌ನಿಂದ ಬರೆಯುತ್ತಿದ್ದೇನೆ. ಕ್ರಿಸ್‌ಮಸ್ ರಜೆಗೆ ನಮ್ಮ ಕಡೆಯ 15 ಜನ ಸೇರುತ್ತಿದ್ದೇವೆ. ಇಲ್ಲಿಯವರು ಮಾಡುವ ಹಾಗೆ ಚರ್ಮ ಹಪ್ಪಳದಂತೆ ಆಗುವ ರೋಸ್ಟ್ ಮಾಡಲು ಹೋಗಿ ಎರಡು ಸಲ ಸೋತೆ. ಮಾಂಸ ಚೆನ್ನಾಗಿತ್ತು, ಚರ್ಮ ಮಾತ್ರ ಚಪ್ಪಲಿ. ಮಸಾಲೆ ಹಚ್ಚಿ ಎರಡು ದಿನ ನೆನೆಸಿದ್ದೆ.

ಉತ್ತರ: ಆ ಮಸಾಲೆಯೇ ಕಾರಣ. ಚರ್ಮ ಉಬ್ಬಬೇಕಾದರೆ ಒಣಗಿರಬೇಕು, ನೀವು ಎರಡು ದಿನ ಒದ್ದೆ ಮಾಡಿಟ್ಟಿದ್ದೀರಿ. ಮೂಳೆ ಸಮೇತ 4 ಕೆಜಿಯ ಭುಜ ತನ್ನಿ. ಬಹಳ ಚೂಪಾದ ಬ್ಲೇಡಿನಿಂದ ಚರ್ಮದ ಮೇಲೆ ಬೆರಳಗಲಕ್ಕೊಂದು ಗೀರು ಎಳೆಯಿರಿ, ಕೊಬ್ಬಿನವರೆಗೆ ಹೋಗಲಿ, ಮಾಂಸಕ್ಕೆ ತಾಗಬಾರದು, ತಾಗಿದರೆ ರಸ ಮೇಲೆ ಉಕ್ಕಿ ಮತ್ತೆ ಒದ್ದೆಯಾಗುತ್ತದೆ. ಮಸಾಲೆಯನ್ನು ಕೆಳಗಿನ ಮಾಂಸದ ಕಡೆ ಮಾತ್ರ ಹಚ್ಚಿ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ, ಎಲ್ಲವನ್ನೂ ಕಪ್ಪಾಗುವ ಅಂಚಿನವರೆಗೆ ಹುರಿದ ನಮ್ಮ ಪುಡಿಯೇ ಸಾಕು. ಚರ್ಮವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಉಪ್ಪು ಉಜ್ಜಿ, ಮುಚ್ಚದೆ ಒಂದು ರಾತ್ರಿ ಫ್ರಿಜ್‌ನಲ್ಲಿ ಬಿಡಿ. ಫ್ರಿಜ್‌ನ ಗಾಳಿ ಚೆನ್ನಾಗಿ ಒಣಗಿಸುತ್ತದೆ. ಹಸಿ ಮಾಂಸ ಅಲ್ವಾ, ಕೆಳಗಿನ ಅರೆಯಲ್ಲಿಡಿ.

ಮರುದಿನ ಓವನ್ 240 ಡಿಗ್ರಿಗೆ ಚೆನ್ನಾಗಿ ಕಾದ ಮೇಲೆ ಅರ್ಧ ಗಂಟೆ, ಆಮೇಲೆ 160ಕ್ಕೆ ಇಳಿಸಿ ಮೂರೂವರೆಯಿಂದ ನಾಲ್ಕು ಗಂಟೆ. ಟ್ರೇಯಲ್ಲಿ ತಳಕ್ಕೆ ಮಾತ್ರ ನೀರು, ಚರ್ಮಕ್ಕೆ ಹನಿಯೂ ಬೀಳಬಾರದು, ರಸವನ್ನು ಮೇಲೆ ಹೊಯ್ಯುವ ಆಸೆ ಬೇಡ, ಫಾಯಿಲ್ ಮುಚ್ಚಬೇಡಿ. ತೆಗೆದ ಮೇಲೆ ಅರ್ಧ ಗಂಟೆ ಹಾಗೇ ಬಿಟ್ಟು ಕತ್ತರಿಸಿ. ಇಷ್ಟಾದರೂ ಚರ್ಮ ಮೆತ್ತಗಿದ್ದರೆ ಹೆದರಬೇಡಿ. ಅದನ್ನು ಹಾಳೆಯ ಹಾಗೆ ಬಿಡಿಸಿ, ಗ್ರಿಲ್ ಕೆಳಗೆ ಅದೊಂದನ್ನೇ ಇಡಿ, ಕಣ್ಣು ತೆಗೆಯದೆ ಕಾಯಿರಿ. ಎರಡು ಮೂರು ನಿಮಿಷದಲ್ಲಿ ಉಬ್ಬುತ್ತದೆ, ಇನ್ನೊಂದು ನಿಮಿಷ ಬಿಟ್ಟರೆ ಸುಡುತ್ತದೆ. ಹಿಂದಿನ ದಿನ ಬೇಯಿಸಿಡಿ ಅನ್ನುವ ನನ್ನ ಮಾತು ಈ ಚರ್ಮಕ್ಕೆ ಮಾತ್ರ ಹೊಂದುವುದಿಲ್ಲ, ಇದನ್ನು ಅವತ್ತೇ ಮಾಡಬೇಕು. 15 ಜನಕ್ಕೆ ಸರಿ, 60 ಜನಕ್ಕೆ ಮನೆಯಲ್ಲಿ ಪ್ರಯತ್ನಿಸಬೇಡಿ.

ಪ್ರಶ್ನೆ: ನಮ್ಮ ಅತ್ತೆ ಹಂದಿ ಮಾಂಸದ ಹುಳ ತಲೆಗೆ ಹೋಗಿ ಫಿಟ್ಸ್ ಬರುತ್ತದೆ ಅಂತ ಮಕ್ಕಳಿಗೆ ತಿನ್ನಲು ಬಿಡುವುದಿಲ್ಲ. ನಿಜವೇ?

ಉತ್ತರ: ಅತ್ತೆಯ ಭಯ ಸುಳ್ಳಲ್ಲ, ಆದರೆ ದಾರಿ ಬೇರೆ. ಲಾಡಿಹುಳುವಿನ ಮರಿಗಳಿರುವ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ. ಮಿದುಳಿಗೆ ತೊಂದರೆ ಕೊಡುವುದು ಅದರ ಮೊಟ್ಟೆ. ಆ ಮೊಟ್ಟೆ ಹೊರಬರುವುದು ಹೊಟ್ಟೆಯಲ್ಲಿ ಹುಳ ಇರುವ ಮನುಷ್ಯನ ಮಲದಿಂದ, ಅಲ್ಲಿಂದ ನೀರು, ಹಸಿ ತರಕಾರಿ, ತೊಳೆಯದ ಕೈ ಮೂಲಕ ಇನ್ನೊಬ್ಬರ ಬಾಯಿಗೆ. ಹಾಗಾಗಿ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಬರಬಹುದು. ಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ತೆಗೆದುಕೊಳ್ಳಲೇಬೇಡಿ. ಎರಡೂವರೆ ಗಂಟೆ ಬೆಂದ ಮಾಂಸದಲ್ಲಿ ಯಾವ ಹುಳವೂ ಬದುಕುವುದಿಲ್ಲ. ಪಾರ್ಟಿಯಲ್ಲಿ ನೀವು ನಿಜವಾಗಿ ಎಚ್ಚರ ವಹಿಸಬೇಕಾದ್ದು ಪಕ್ಕದಲ್ಲಿಡುವ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಹಸಿ ಈರುಳ್ಳಿ. ಚೆನ್ನಾಗಿ ತೊಳೆಯಿರಿ, ಹಸಿ ಮಾಂಸ ಕತ್ತರಿಸಿದ ಹಲಗೆ ಮೇಲೆ ಅವನ್ನು ಹೆಚ್ಚಬೇಡಿ. ಇದನ್ನೆಲ್ಲ ಅತ್ತೆಗೆ ಸಮಾಧಾನವಾಗಿ ಹೇಳಿ, ಆಮೇಲೂ ಬೇಡ ಅಂದರೆ ಒತ್ತಾಯ ಮಾಡಬೇಡಿ.

ಪ್ರಶ್ನೆ: ಗೃಹಪ್ರವೇಶದ ಮರುದಿನ ಹಂದಿ ಊಟ ಇಟ್ಟಿದ್ದೇವೆ. ಬರುವವರಲ್ಲಿ ಸಸ್ಯಾಹಾರಿಗಳೂ ಇದ್ದಾರೆ, ನಮ್ಮ ಮುಸ್ಲಿಂ ಗೆಳೆಯರ ಕುಟುಂಬವೂ ಇದೆ. ಹೇಗೆ ನಿಭಾಯಿಸಲಿ?

ಉತ್ತರ: ಕರೆಯುವಾಗಲೇ ಹೇಳಿಬಿಡಿ, ಅಂದು ಹಂದಿ ಇದೆ, ನಿಮಗೆ ಬೇರೆ ಒಲೆಯಲ್ಲಿ ಬೇರೆ ಅಡುಗೆ ಇದೆ ಅಂತ. ಮುಚ್ಚಿಟ್ಟು, ಬಂದ ಮೇಲೆ ಗೊತ್ತಾದರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ಪಾತ್ರೆ, ಸೌಟು, ಎಣ್ಣೆ, ಬಡಿಸುವ ಕೈ ಎಲ್ಲವೂ ಬೇರೆ ಇರಲಿ. ಒಂದೇ ಮೇಜಿನ ಎರಡು ತುದಿ ಸಾಲದು, ಬೇರೆ ಮೇಜೇ ಹಾಕಿ. ಕಡಂಬುಟ್ಟು, ಅಕ್ಕಿ ರೊಟ್ಟಿ ಇವನ್ನು ಹಂದಿ ಕೊಬ್ಬು ಮುಟ್ಟದ ಪಾತ್ರೆಯಲ್ಲಿ ಮೊದಲೇ ಎತ್ತಿಡಿ. ಮುಸ್ಲಿಂ ಗೆಳೆಯರಿಗೆ ಕೋಳಿ ಮಾಡುವುದಾದರೆ ಹಲಾಲ್ ಅಂಗಡಿಯಿಂದಲೇ ತರಿಸಿ. ಕೆಲವರು ಬಂದು ಬರೀ ಹಣ್ಣು ತಿಂದು, ಹರಸಿ ಹೋಗಬಹುದು. ಅದನ್ನೂ ಖುಷಿಯಿಂದ ಒಪ್ಪಿಕೊಳ್ಳಿ.

ಪ್ರಶ್ನೆ: ರೋಸ್ಟ್ ಉಳಿದರೆ ಎಷ್ಟು ದಿನ ಇಡಬಹುದು? ಕೊಬ್ಬು ಏನು ಮಾಡಲಿ?

ಉತ್ತರ: ಊಟದ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಕೂತಿದ್ದರೆ ಉಳಿಸಿಕೊಳ್ಳಬೇಡಿ. ಮೇಜಿಗೆ ಬಾರದೆ ಫ್ರಿಜ್‌ನಲ್ಲೇ ಉಳಿದ ಹೋಳುಗಳನ್ನು ಬೇಯಿಸಿದ ದಿನದಿಂದ ಮೂರು, ನಾಲ್ಕು ದಿನದೊಳಗೆ ಮುಗಿಸಿ, ಪ್ರತಿ ಸಲ ಬೇಕಾದಷ್ಟನ್ನೇ ತೆಗೆದು ಹೊಗೆಯಾಡುವಷ್ಟು ಬಿಸಿ ಮಾಡಿ. ಕೊಬ್ಬನ್ನು ಕರಗಿಸಿ, ನೀರಿನಂಶ ಹೋಗುವ ತನಕ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಮರುದಿನ ಬೆಳಿಗ್ಗೆ ಅದರ ಒಂದು ಚಮಚದಲ್ಲಿ ಈರುಳ್ಳಿ, ಹಸಿಮೆಣಸು ಹುರಿದು, ಉಳಿದ ರೋಸ್ಟನ್ನು ಸಣ್ಣಗೆ ಕೊಚ್ಚಿ ಹಾಕಿ, ಮೇಲೆ ಎರಡು ಮೊಟ್ಟೆ ಒಡೆದು ಕಲಸಿ. ಬಿಸಿ ಅಕ್ಕಿ ರೊಟ್ಟಿ ಜೊತೆ, ಉಳಿದುಕೊಂಡ ನೆಂಟರಿಗೆ ತಿಂಡಿ ಆಯಿತು.